ಮೈಕಮ್ಮ ಕರೆಯುವ ಹೆಸರು

ನನ್ನ ದೊಡ್ಡಮ್ಮನಿಗೆ ಶಾಲೆಯಲ್ಲಿ ಮೈಕಮ್ಮ ಎಂದೇ ಹೆಸರು. ಗೇಟಿನ ಪಕ್ಕದ ಕೋಣೆ, ಸರಳಿನ ಕಿಟಕಿ, ಒಂದು ಕುರ್ಚಿ, ಕರ್ಚೀಫು ಸುತ್ತಿದ ಮೈಕು, ಇಷ್ಟೇ ಅವಳ ಸಾಮ್ರಾಜ್ಯ. ಶಾಲೆ ಬಿಟ್ಟಾಗ ಯಾರ ಮನೆಯವರು ಬಂದರೋ ಆ ಮಗುವನ್ನು ಅವಳು ಮೈಕಿನಲ್ಲಿ ಕರೆಯಬೇಕು, ಮಗು ಗೇಟಿಗೆ ಓಡಿ ಬರಬೇಕು. ಆ ಹೊತ್ತಿಗೆ ಅಂಗಳದ ತುಂಬ ಹಳದಿ ಬಿಸಿಲು, ತೇಲುವ ಧೂಳು. ಅವಳ ದನಿಯೂ ಆ ಧೂಳಿನ ಜೊತೆ ತೇಲಿಕೊಂಡು ಬೀದಿ ದಾಟಿ ಎದುರು ಮನೆಗಳ ಮಹಡಿಯವರೆಗೂ ಹೋಗುತ್ತಿತ್ತು. ಅದೇ ಶಾಲೆಯಲ್ಲಿ ಎರಡನೇ ತರಗತಿಯ ಟೀಚರಾದ ನನಗೆ ಎಷ್ಟೋ ಸಲ ಸೀಮೆಸುಣ್ಣ ಹಿಡಿದುಕೊಂಡೇ ಕಣ್ಣು ಎಳೆಯುತ್ತಿತ್ತು.

ಅವಳದೊಂದು ಹಟ. ಹೆಸರನ್ನು ಪೂರ್ತಿ ಕರೆಯಬೇಕು, ಅಪ್ಪನ ಹೆಸರೂ ಸೇರಿಸಿ. "ಅರ್ಧ ಹೆಸರು ಕರೆದ್ರೆ ಮಗೂನೂ ಅರ್ಧ ಬರುತ್ತೆ ಕಣೇ" ಅನ್ನುತ್ತಿದ್ದಳು.

ಆ ವರ್ಷ ನನ್ನ ತರಗತಿಗೆ ದೇಶದ ಗಡಿಯಾಚೆಯಿಂದ ಬಂದ ಹುಡುಗಿಯೊಬ್ಬಳು ಸೇರಿದಳು. ಅಪ್ಪ ಬಟ್ಟೆ ಇಸ್ತ್ರಿ ಮಾಡುವವನು, ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ. ಇಲ್ಲಿ ಇರುವುದಕ್ಕೆ ಬೇಕಾದ ಕಾಗದಪತ್ರ ಇನ್ನೂ ಆಗಿರಲಿಲ್ಲ. ಮಗುವಿನ ಹೆಸರೋ, ನಾಲಿಗೆ ನಾನಾ ಕಡೆ ಹೊರಳಬೇಕು! ದೊಡ್ಡಮ್ಮ ಅವಳಪ್ಪನನ್ನು ಕಿಟಕಿ ಮುಂದೆ ನಿಲ್ಲಿಸಿಕೊಂಡು ಆ ಹೆಸರು ಕಲಿತಳು. ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅದನ್ನೇ ಗುನುಗಿದಳು. "ಸಾಕು ಮಾಡು ದೊಡ್ಡಮ್ಮ, ತಲೆ ಚಿಟ್ಟು ಹಿಡೀತು" ಎಂದು ರೇಗಿದೆ. ಅವಳು ಕೇಳಿಸಿಕೊಂಡರೆ ತಾನೆ! ಕೊನೆಗೊಂದು ಸಂಜೆ ಮೈಕಿನಲ್ಲಿ ಸರಿಯಾಗಿ ಕರೆದಾಗ, ಆ ಮಗು ಕಣ್ಣರಳಿಸಿಕೊಂಡು, ಚೀಲ ಬಿಟ್ಟೇ ಓಡಿತು.

ಹೀಗಿರುವಾಗ ಎದುರಿನ ಸೈಕಲ್ ರಿಪೇರಿಯವನು ಒಂದು ದಿನ ಗೇಟಿಗೆ ಬಂದು ನಕ್ಕ. "ಮೈಕಮ್ಮಾ, ನಿಮ್ಮ ದಯೆ, ಯಾವ ಮಗು ಯಾರದು ಅಂತ ಬೀದಿಗೆಲ್ಲ ಬಾಯಿಪಾಠ. ನಿನ್ನೆ ಯಾರೋ ಇಬ್ರು ನನ್ನ ಬೆಂಚಲ್ಲಿ ಕೂತು ನೀವು ಕರೆಯೋದನ್ನೇ ಕೇಳ್ತಿದ್ರು. ಕಾಗದ ಇಲ್ಲದವರನ್ನ ಹುಡುಕಿ ಹಿಡಿಯೋ ಆಫೀಸಿನೋರಂತೆ."

ದೊಡ್ಡಮ್ಮನ ಮುಖ ಸುಣ್ಣವಾಯಿತು. ಪುಣ್ಯಕ್ಕೆ ಹಿಂದಿನ ದಿನ ಹುಡುಗಿಗೆ ಜ್ವರ, ಶಾಲೆಗೆ ಬಂದಿರಲಿಲ್ಲ. "ಕೋರ್ಟಿನ ಆದೇಶ ಇಲ್ಲದೆ ಮಕ್ಕಳ ವಿಷಯ ಯಾರಿಗೂ ಒಂದಕ್ಷರ ಹೇಳಲ್ಲ ಅಂತ ಹೆಡ್‌ಮೇಡಂ ಅಷ್ಟು ಗಟ್ಟಿ ನಿಂತಿದ್ದಾರೆ. ಇಲ್ಲಿ ನಾನೇ ದಿನಾ ಡಂಗುರ ಹೊಡೀತಿದ್ದೀನಲ್ಲೇ!" ಎಂದಳು. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮರುದಿನದಿಂದ ಶಾಲೆಯ ಎಲ್ಲ ಮಕ್ಕಳಿಗೂ ಅಡ್ಡಹೆಸರು. ಒಬ್ಬಳಿಗೇ ಇಟ್ಟರೆ ಅವಳೇ ಎದ್ದು ಕಾಣುತ್ತಾಳಲ್ಲ! ನಿದ್ದೆಬುರುಕ, ಕಡ್ಡಿಪೆಟ್ಟಿಗೆ, ಬೆಂಡೆಕಾಯಿ. ಗೇಟಿನ ಹತ್ತಿರ ನಿಜವಾದ ಹೆಸರಿಗೆ ಓಗೊಟ್ಟವರು ಆಟದಲ್ಲಿ ಸೋತ ಹಾಗೆ. ಮಕ್ಕಳಿಗೆ ಖುಷಿಯೋ ಖುಷಿ. ಬ್ಯಾಂಕಿನವರೊಬ್ಬರು ಮಾತ್ರ "ನನ್ನ ಮಗ ಬೆಂಡೆಕಾಯೇನ್ರೀ?" ಎಂದು ಹಾರಾಡಿದರು. "ಬದನೆಕಾಯಿ ಖಾಲಿ ಇದೆ ಸಾರ್, ಬದಲಾಯಿಸ್ಲಾ?" ಎಂದಳು ದೊಡ್ಡಮ್ಮ. ಆ ಹುಡುಗಿಗೆ ಮೋಡ ಎಂದು ಹೆಸರಿಟ್ಟಳು. "ಮೋಡ, ಮೋಡ, ಗೇಟಿಗೆ ಬಾಮ್ಮ" ಎಂಬ ದನಿ ಸಂಜೆಯ ಬಿಸಿಲಿನಲ್ಲಿ ತೇಲಿ ಬಂದರೆ, ಗೊತ್ತಿಲ್ಲದವರು ಒಮ್ಮೆ ಆಕಾಶ ನೋಡುತ್ತಿದ್ದರು.

ಚಳಿ ಶುರುವಾದ ಮೇಲೆ ಒಂದು ಸಂಜೆ ಆ ಇಬ್ಬರು ಮತ್ತೆ ಬಂದರು. ಇಸ್ತ್ರಿ ಮುರಿಯದ ಶರಟು, ಮೆಲುಮಾತು. ಹೆಡ್‌ಮೇಡಂ ಬರಿಗೈಯಲ್ಲಿ ಕಳಿಸಿದ್ದಕ್ಕೆ ಗೇಟಿನಾಚೆ ಬೀದಿಯಲ್ಲಿ ನಿಂತರು. ಬೀದಿ ಯಾರಪ್ಪನದೂ ಅಲ್ಲವಲ್ಲ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಹುಡುಗಿಯ ಅಮ್ಮ ಬಂದೇಬಿಟ್ಟಿದ್ದಳು. ಹಿಂದೆ ಕಳಿಸುವ ಹಾಗಿಲ್ಲ, ಅನುಮಾನ ಬರುತ್ತದೆ. ದೊಡ್ಡಮ್ಮ ಎಂದಿನ ದನಿಯಲ್ಲೇ ಮೋಡವನ್ನು ಕರೆದಳು, ಹಿಂದೆಯೇ ನಿದ್ದೆಬುರುಕನನ್ನೂ ಬೆಂಡೆಕಾಯಿಯನ್ನೂ. ಮಕ್ಕಳೆಲ್ಲ ಒಟ್ಟಿಗೆ ಗೇಟು ದಾಟಿದರು.

ಆಗ ಆ ಇಬ್ಬರಲ್ಲೊಬ್ಬ ಕೈಯಲ್ಲಿದ್ದ ಪಟ್ಟಿ ನೋಡಿ ಹುಡುಗಿಯ ಹೆಸರು ಕೂಗಿದ. ಪೂರ್ತಿ ಹೆಸರು, ಅಪ್ಪನದೂ ಸೇರಿಸಿ, ಒಂದಿಷ್ಟೂ ತಪ್ಪಿಲ್ಲದೆ.

ಅಮ್ಮನ ಹೆಜ್ಜೆ ತಡವರಿಸಿತು. ಮಗು ತಿರುಗಲಿಲ್ಲ. ರೆಪ್ಪೆಯನ್ನೂ ಅಲುಗಿಸಲಿಲ್ಲ. ಅಮ್ಮನ ಕೈ ಜಗ್ಗಿಕೊಂಡು, ಏನೋ ಹಾಡು ಹೇಳುತ್ತಾ ತಿರುವು ದಾಟಿ ಹೋಯಿತು. ಅವನು ಇನ್ನೆರಡು ಸಲ ಕೂಗಿ, ಬೇರೆ ಮಕ್ಕಳ ಮುಖ ನೋಡಿ ಸುಮ್ಮನಾದ.

ನಾನು ಖುಷಿಯಿಂದ ಕೋಣೆಗೆ ಓಡಿದೆ. ದೊಡ್ಡಮ್ಮ ಮೈಕು ಆರಿಸಿ, ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು.

"ಗೆದ್ವಲ್ಲ ದೊಡ್ಡಮ್ಮ, ಯಾಕೆ ಅಳ್ತೀಯ?"

"ತನ್ನ ಹೆಸರು ಕೇಳಿದ್ರೆ ಚೀಲ ಬಿಟ್ಟು ಓಡಿ ಬರ್ತಿದ್ದ ಮಗು ಕಣೇ ಅದು" ಎಂದಳು.

ಮರುದಿನ ಬೆಳಿಗ್ಗೆ ಹಾಜರಿ ಕರೆದೆ. ಆ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಮುಂದಿನ ಬೆಂಚಿನಲ್ಲೇ ಕೂತಿದ್ದಾಳೆ! ಮತ್ತೊಮ್ಮೆ ಕರೆದೆ. ಎದ್ದು ನನ್ನ ಹತ್ತಿರ ಬಂದು, ಕಿವಿಗೆ ಬಾಯಿ ತಾಗುವಂತೆ ಕೇಳಿದಳು: "ಮಿಸ್, ಇಲ್ಲಿ ಅದು ನಾನೇ ಅಂತ ಹೇಳಬಹುದಾ?"

"ಹೇಳಬಹುದು ಪುಟ್ಟಿ" ಎಂದೆ. ಆದರೆ ಮೊದಲು ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದೆ.