ಡೋಕ ಉಣ್ಣುವವರೆಗೆ

ನಮ್ಮಪ್ಪ ತಾಟಿನ ಮುಂದೆ ಕೂರುವ ಮೊದಲು ಕೇಳುವುದು ಒಂದೇ ಮಾತು. "ಕಟ್ಟಿದ್ದೆಲ್ಲಾ ಉಂಡಾವೇನು?" ಕಟ್ಟಿದ್ದು ಎಂದರೆ ಹಿತ್ತಲಿನ ಆಕಳು ಮತ್ತು ಕರು. ಕಟ್ಟಿದ ಜೀವ ತಾನಾಗಿ ಹೋಗಿ ಹೊಟ್ಟೆಗೆ ಹುಡುಕಿಕೊಳ್ಳಲಾರದು, ಆದ್ದರಿಂದ ಮೊದಲು ಅದರ ಪಾಳಿ, ಆಮೇಲೆ ಮನೆಯ ಹಿರಿಯನದು, ಹಿರಿಯನದು ಆದ ಮೇಲೆ ಉಳಿದವರದು. ಹಾಸಿಗೆ ಹಿಡಿದವರೂ ಅಪ್ಪನ ಪ್ರಕಾರ ಕಟ್ಟಿದ ಜೀವವೇ. ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ ಇದು. ಈಗ ಅಪ್ಪನಿಗೆ ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಗುಳಿಗೆ ನುಂಗಿದ ಮೇಲೆ ಬೇಗ ಉಣ್ಣದಿದ್ದರೆ ಮೈಯೆಲ್ಲ ಬೆವತು ಕೈ ನಡುಗುತ್ತದೆ.

ಇಂಥ ಮನೆಗೆ ನಾನು ಮೀನು ತಂದೆ. ಅದೂ ಬೇಟೆಯಾಡಿ ತಿನ್ನುವ ಮೀನು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ನಾನು ಅದನ್ನು ದುಡ್ಡು ಕೊಟ್ಟು ತಂದು ಬಿಟ್ಟುಕೊಂಡವನು.

ತಪ್ಪು ನನ್ನದಲ್ಲ, ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದಲ್ಲಿ ನನ್ನ ಕಿರಾಣಿ ಅಂಗಡಿಯ ಎದುರಿಗಿರುವ ಬಟ್ಟೆ ಅಂಗಡಿಯವನದು. ಆತ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಇಟ್ಟು ಅದರಲ್ಲೊಂದು ಪರದೇಶದ ಮೀನು ಸಾಕಿದ್ದ. ಅದರ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗಡ್ಡೆ. ಗಡ್ಡೆ ಬೆಳೆದಷ್ಟೂ ಲಕ್ಷ್ಮಿ ಬರುತ್ತಾಳಂತೆ. ಲಕ್ಷ್ಮಿ ಬಂದಳೋ ಇಲ್ಲವೋ, ಗಡ್ಡೆ ನೋಡಲು ಅರ್ಧ ಊರು ಬಂತು, ಬಂದವರು ಸೀರೆಯನ್ನೂ ಕೊಂಡರು. ಒಂದು ದಿನ ನಾನು, "ನಮ್ಮ ಹಳ್ಳದಾಗಿನ ಮೀನ ಏನ್ ಕಮ್ಮಿ ಅವ?" ಎಂದೆ. ಆತ ಹಲ್ಲು ಕಿಸಿದು, "ಅವು ಸಾರಿಗಿ ಅವ ರೀ. ಶೋಕ್ಕಲ್ಲ" ಎಂದ.

ಹುಟ್ಟಿದಾಗಿನಿಂದ ಮೀನಿನ ಸಾರಿನ ವಾಸನೆಯನ್ನೂ ಮೂಗಿಗೆ ಬಿಟ್ಟುಕೊಳ್ಳದ ನನಗೆ ಆ ಮಾತು ಯಾಕೆ ನಾಟಬೇಕು? ನಾಟಿತು. ನನ್ನ ಹೆಂಡತಿಯ ತವರು ಎತ್ತಿನ ತಳಿಗೆ ಹೆಸರಾದ ದೇವಣಿ. ನನ್ನ ಮಾವ ದೇವಣಿ ಹೋರಿಯ ಬಗ್ಗೆ ಮಾತಾಡುವಾಗ ಕಣ್ಣಲ್ಲಿ ನೀರು ತರುತ್ತಾರೆ, ಅಳಿಯನ ಬಗ್ಗೆ ಮಾತಾಡುವಾಗ ನಿಟ್ಟುಸಿರು ಬಿಡುತ್ತಾರೆ. ಎತ್ತಿಗೆ ತನ್ನ ನೆಲದ ಅಭಿಮಾನ ಇರಬಹುದಾದರೆ ಮೀನಿಗೂ ಇರಲಿ ಎಂದು ಹಟ ಹಿಡಿದೆ.

ಮೂರು ಫೂಟಿನ ಗಾಜಿನ ಪೆಟ್ಟಿಗೆ ಪಡಸಾಲೆಗೆ ಬಂತು. ತಳಕ್ಕೆ ಮಣ್ಣು, ಮೇಲೆ ಹಳ್ಳದ ಮರಳು, ಅದರಲ್ಲಿ ಕೆರೆಯಿಂದ ತಂದ ನೀರುಗಿಡಗಳು. ಎರಡು ತಿಂಗಳಲ್ಲಿ ಆ ಗಿಡಗಳು ನನ್ನ ಸಂಬಂಧಿಕರ ತೊಗರಿಗಿಂತ ಚೆನ್ನಾಗಿ ಬಂದವು. ಗಿಡಗಳ ನಡುವೆ ಮೀನೇ ಇರಲಿಲ್ಲ. ಹೆಂಡತಿ ದಿನಾ ಅದನ್ನು ನೋಡಿ, "ಇದಕ್ಕಿಂತ ಮೆಂತೆ ಹಾಕಿದ್ರ ಪಲ್ಯಾ ಆದ್ರೂ ಆಗ್ತಿತ್ತು" ಎನ್ನುತ್ತಿದ್ದಳು.

ಮೊದಲು ಉದಗೀರಿಗೆ ಹೋದೆ. ಅಲ್ಲಿಯ ಮೀನಿನಂಗಡಿಯವ ನನ್ನ ಆಸೆ ಕೇಳಿ, ಔಷಧಿ ಅಂಗಡಿಗೆ ಬಂದು ಬೇವಿನ ಸೊಪ್ಪು ಕೇಳಿದವನನ್ನು ನೋಡುವಂತೆ ನೋಡಿದ. "ದೇಸೀ ಮಾಲ್ ಯಾರೂ ಕೇಳಂಗಿಲ್ರಿ. ಥಾಯ್ಲಂಡಿಂದು ಕೊಡ್ಲೇನು?" ಎಂದ. ಬೇಡವೆಂದಾಗ ಯಾವ ಮೀನಿಗೂ ಆಗುತ್ತದೆಂದು ಒಂದು ಡಬ್ಬಿ ಕಾಳು ಕೊಟ್ಟು ಕಳಿಸಿದ. ಮೀನಿಲ್ಲದವನಿಗೆ ಮೀನಿನ ಆಹಾರ ಮಾರಿದ ಆತನ ಮುಂದೆ ನಾನೆಂಥ ವ್ಯಾಪಾರಿ?

ಕೊನೆಗೆ ತುರೋರಿಯ ಹತ್ತಿರ, ಹೆದ್ದಾರಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂರುವ ಮೀನು ಮಾರುವ ಹೆಂಗಸಿನ ಮುಂದೆ ನಿಂತೆ. ನನ್ನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ನೀರಿನ ಡಬ್ಬಿ.

"ಕಾಯ್ ಪಾಹಿಜೆ ಶೇಟ್, ಏನ್ ಬೇಕು? ದಾರಿ ತಪ್ಪಿ ಬಂದೀರೇನು?" ಎಂದಳು.

ವಿಷಯ ಹೇಳಿದೆ. ಗಿಡ ಕೀಳಬಾರದು, ಹಗಲು ಕಾಣಿಸಬೇಕು, ನಮ್ಮ ಕೆರೆಯದೇ ಆಗಿರಬೇಕು, ನೋಡಿದರೆ ಹುಲಿಯಂತಿರಬೇಕು. ಅವಳು ಲಗ್ನದ ದಲ್ಲಾಳಿಯಂತೆ ಒಂದೊಂದೇ ವರನನ್ನು ತೋರಿಸಿದಳು. ಮರಳ ಎಂಬ ಮೀನು ಚೆಂದವೇ, ಆದರೆ ಮೊಳದುದ್ದ ಬೆಳೆಯುತ್ತದೆ. "ಒಂದ್ ವರ್ಷಕ್ಕ ಅದು ಪಡಸಾಲ್ಯಾಗ, ನೀವು ಪೆಟಗ್ಯಾಗ." ಶಿವಡಾ ಎಂಬುದರ ಬಾಯಿ ನಮ್ಮ ಎಸ್‌ಟಿ ಬಸ್ಸಿನ ಬಾಗಿಲಿನಷ್ಟಿತ್ತು, ಯಾರು ಬಂದರೂ ಒಳಗೆ. ಶಿಂಗಟಾಕ್ಕೆ ಮೀಸೆ ಇತ್ತು, ಮುಳ್ಳಿತ್ತು, ಆದರೆ ಹಗಲೆಲ್ಲ ಕಲ್ಲಿನ ಕೆಳಗೆ ಮಲಗುವ ಜಾತಿ. ಮನೆಯಲ್ಲಿ ಅಂಥವರು ಈಗಾಗಲೇ ಇದ್ದಾರೆ ಎಂದು ಹೇಳಲು ಹೋಗಿ ಸುಮ್ಮನಾದೆ.

ಆಮೇಲೆ ಒಂದು ತಂಬಿಗೆಯೊಳಗೆ ಕೈ ಹಾಕಿ ಒಂದನ್ನು ಎತ್ತಿದಳು. "ಡೋಕ. ಮರಳದ ಸಣ್ಣ ತಮ್ಮ. ಗೇಣುದ್ದ ಆದ್ರ ಮುಗೀತು." ಕಂದು ಮೈ, ರೆಕ್ಕೆಯ ಅಂಚಿಗೆ ನೀಲಿ, ಅದರಾಚೆ ಕಿತ್ತಳೆ, ಇಳಕಲ್ ಸೀರೆಯ ದಡಿಯಷ್ಟು ಅಚ್ಚುಕಟ್ಟು. ಅದು ಗಿಡದ ಸಂದಿಯಲ್ಲಿ ಹೊಂಚು ಹಾಕಿ ನಿಲ್ಲುತ್ತದೆಯಂತೆ, ಗಿಡ ಮುಟ್ಟುವುದಿಲ್ಲವಂತೆ. ಮೇಲೆ ಮುಚ್ಚಳ ಮಾತ್ರ ಭದ್ರ ಇರಬೇಕು, ಇಲ್ಲವಾದರೆ ಹಾರಿ ನೆಲದ ಮೇಲೆ ಸಂಚಾರ ಹೊರಡುತ್ತದೆ. ನಾನು ಆಗಲೇ ಸೋತಿದ್ದೆ.

"ಏನ್ ತಿನಸ್ತೀರಿ?" ಎಂದಳು.

"ಅಂಗಡ್ಯಾಗ ಎಲ್ಲಾ ಅದ" ಎಂದೆ.

ಅವಳು ನಕ್ಕ ನಗೆ ಪಕ್ಕದೂರು ದಾಳಿಂಬದವರೆಗೂ ಕೇಳಿಸಿರಬೇಕು. ನನಗೆ ಅರ್ಥವಾಗಲಿಲ್ಲ. ಕಿರಾಣಿ ವ್ಯಾಪಾರದವರಿಗೆ ಜಗತ್ತಿನ ಯಾವ ಹಸಿವಿಗೂ ತಮ್ಮ ಡಬ್ಬಿಗಳಲ್ಲೊಂದರಲ್ಲಿ ಮದ್ದಿದೆ ಎಂಬ ನಂಬಿಕೆ ಹುಟ್ಟುತ್ತಲೇ ಬರುತ್ತದೆ. ಅಷ್ಟರಲ್ಲಿ ಮಠದಲ್ಲಿ ನನ್ನ ಪಕ್ಕ ಕೂರುವ ಒಬ್ಬರು ಗಾಡಿಯ ಮೇಲೆ ಹೊರಟವರು ನಿಧಾನ ಮಾಡಿ ಬುಟ್ಟಿ ನೋಡಿದರು, ನನ್ನ ವಿಭೂತಿ ನೋಡಿದರು, ಶರಣು ಹೇಳದೆ ಹೋದರು. ಮರುದಿನ ಅಂಗಡಿಗೆ ಬಂದು, "ನಿಮ್ಮನ್ಯಾಗ ಬ್ಯಾಳಿ ಇನ್ನಾ ನಡೀತದೇನ್ರಿ?" ಎಂದು ಕೇಳಿ ಅರ್ಧ ಕಿಲೋ ಕಟ್ಟಿಸಿಕೊಂಡರು.

ಡೋಕ ಗಿಡಗಳ ನಡುವೆ ಹೋಗಿ ನಿಂತಾಗ ನನ್ನ ಎದೆ ಉಬ್ಬಿತು. ಅಪ್ಪ ಕುರ್ಚಿ ಎಳೆಸಿಕೊಂಡು ಬಹಳ ಹೊತ್ತು ನೋಡಿದರು. "ಛಂದ ಅದ" ಎಂದರು. ಅಪ್ಪನ ಬಾಯಿಂದ ಆ ಮಾತು ಬಂದದ್ದು ಅವ್ವ ತೀರಿದ ಮೂರು ವರ್ಷಗಳಲ್ಲಿ ಅದೇ ಮೊದಲು. ಮರುದಿನ ಪೂಜೆ ಮುಗಿಸಿ, ಗುಳಿಗೆ ನುಂಗಿ, ತಾಟಿನ ಮುಂದೆ ನಿಂತು ಕೇಳಿದರು.

"ಡೋಕ ಉಂಡಿತೇನು?"

ಗಾಜಿನಲ್ಲಿ ಕಟ್ಟಿದ್ದೂ ಕಟ್ಟಿದ್ದೇ ಎಂದು ನನಗೆ ಹೊಳೆದೇ ಇರಲಿಲ್ಲ.

ಜೋಳದ ರೊಟ್ಟಿಯ ಚೂರು ಹಾಕಿದೆ. ಡೋಕ ನೋಡಿತು. ಬೇಯಿಸಿದ ತೊಗರಿಬೇಳೆ, ಹುರಿಗಡಲೆ ಹಿಟ್ಟು ಹಾಕಿದೆ. ಉದಗೀರಿನ ಕಾಳು ಹಾಕಿದೆ. ಮಾಂಸಕ್ಕೆ ಸಮ ಎಂದು ಪಾಕೀಟಿನ ಮೇಲೆಯೇ ಬರೆದಿರುವ ಸೋಯಾ ಉಂಡೆ ನೆನೆಸಿ ಹಾಕಿದೆ. ಅದು ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು, ನನ್ನ ಕಡೆ ಬೆನ್ನು ಮಾಡಿ, ಗಿಡದ ಸಂದಿಗೆ ಹೋಯಿತು. ನಲವತ್ತು ಡಬ್ಬಿಗಳ ಮಾಲಕನಿಗೆ ಇಂಥ ಅವಮಾನವನ್ನು ಯಾವ ಗಿರಾಕಿಯೂ ಮಾಡಿರಲಿಲ್ಲ.

ಅಪ್ಪ ತಾಟು ಸರಿಸಿದರು. ಮಧ್ಯಾಹ್ನವೂ ಸರಿಸಿದರು. ಇಳಿಹೊತ್ತಿಗೆ ಅವರ ಕೈ ನಡುಗತೊಡಗಿತು. ಹೆಂಡತಿ ಬೆಲ್ಲದ ನೀರನ್ನು ಔಷಧವೆಂದು ಹೇಳಿ ಕುಡಿಸಿದಳು. ಅಡುಗೆಮನೆಗೆ ಬಂದು ನನಗೆ, "ನಿಮ್ಮ ಮೀನಿಗಿ ವಾರಗಟ್ಲೆ ಉಪಾಸ ನಡೀತದ. ಮಾವನವ್ರಿಗಿ ನಡ್ಯಂಗಿಲ್ಲ. ಇಬ್ಬರಾಗ ಯಾರು ಬೇಕು ನೋಡ್ರಿ" ಎಂದಳು. ನನಗೆ ನಿಜವಾಗಿ ಹೆದರಿಕೆಯಾಯಿತು.

ಬೆಳಿಗ್ಗೆ ಹೋಗಿ ಕೆರೆಗೆ ಬಿಟ್ಟು ಬರಬಹುದಿತ್ತು. ಬಟ್ಟೆ ಅಂಗಡಿಯವನ ಹಲ್ಲು ಕಣ್ಣಿಗೆ ಕಟ್ಟಿತು. ಹುಳು ತಂದು ಹಾಕಬಹುದಿತ್ತು. ಅಪ್ಪನ ಎದುರಿಗೆ, ಲಿಂಗ ಹಿಡಿಯುವ ಕೈಯಿಂದ, ಜೀವ ಹಿಡಿದು ಜೀವಕ್ಕೆ ಹಾಕುವುದೆಂದರೆ? ಆದ್ದರಿಂದ ನಾನು ಅಡ್ಡದಾರಿ ಹಿಡಿದೆ. ಮರುದಿನ ಬೇಳೆ ಹಾಕಿದೆ, ಅಪ್ಪ ಪೂಜೆಗೆ ಕೂತಾಗ ಚಹಾ ಸೋಸುವ ಜರಡಿಯಿಂದ ಅದನ್ನೇ ಎತ್ತಿ ಆಕಳಿಗೆ ಹಾಕಿದೆ. "ತಿಂದದ ಅಪ್ಪಾ. ನೋಡ್ರಿ, ನೀರಾಗ ಏನೂ ಉಳದಿಲ್ಲ." ಅಪ್ಪ ನನ್ನ ಮುಖ ನೋಡಿದರು, ಕೂತು ಉಂಡರು. ಐದು ದಿನ ಹೀಗೆಯೇ ನಡೆಯಿತು. ಆಕಳು ದಪ್ಪಗಾಯಿತು, ನೀರು ಮಬ್ಬಾಯಿತು, ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ.

ಆರನೆಯ ಬೆಳಿಗ್ಗೆ ಅಪ್ಪ ಪೂಜೆಗೆ ಹೋಗದೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಡೋಕದ ಹೊಟ್ಟೆ ಒಳಕ್ಕೆ ಹೋಗಿತ್ತು. ನಾನು ಬೇಳೆಯ ಬಟ್ಟಲು ಹಿಡಿದು ಬಂದು, "ಈಗಾಗ್ಲೇ ತಿಂದದ, ನೀವು ಏಳ್ರಿ" ಎಂದೆ.

ಅಪ್ಪ ನನ್ನ ಕಡೆ ತಿರುಗಲಿಲ್ಲ. "ನಿಮ್ಮವ್ವಂದೂ ನೀ ಹಿಂಗೇ ಹೇಳಿದ್ದಿ, ತಮ್ಮಾ."

ಮೂರು ವರ್ಷದ ಹಿಂದೆ, ಉದಗೀರಿನ ಆಸ್ಪತ್ರೆ. ಅವ್ವನಿಗೆ ಗಂಟಲಲ್ಲಿ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಅಪ್ಪ ಹೊರಗೆ ಬೆಂಚಿನ ಮೇಲೆ ರೊಟ್ಟಿಯ ಗಂಟು ಬಿಚ್ಚದೆ ಕೂತಿದ್ದರು. ನಾನು ಒಳಗಿನಿಂದ ಬಂದು, "ಅವ್ವ ಗಂಜಿ ಕುಡದಾಳ" ಎನ್ನುತ್ತಿದ್ದೆ. ಆಗ ಗಂಟು ಬಿಚ್ಚುತ್ತಿದ್ದರು. ಕೊನೆಯ ದಿನವೂ ಬಿಚ್ಚಿದರು. ಆ ಸುಳ್ಳನ್ನು ನಾನು ಇಷ್ಟು ವರ್ಷ ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಬೇಳೆಯ ಬಟ್ಟಲನ್ನು ಕೆಳಗಿಟ್ಟೆ. "ಅಪ್ಪಾ, ಇದು ಬ್ಯಾಳಿ ತಿನ್ನಂಗಿಲ್ಲ. ಜೀವಾನೇ ತಿಂತದ" ಎಂದೆ.

"ಹುಲಿ ಹಸದ್ರ ಹುಲ್ಲು ತಿಂತದೇನು? ಅದಕ್ಕ ಶಿವ ಅದೇ ಬಾಯಿ ಕೊಟ್ಟಾನ. ಕಟ್ಟಿ ತಂದಾಂವಾ ನೀ. ಪಾಪ ಬಂದ್ರ ನಿನಗ ಬರ್ಲಿ, ಅದು ಯಾಕ ಹಸಿಬೇಕು?"

ಆಕಳ ಗೋದಲಿಯ ಪಕ್ಕದ ಹಸಿ ಮಣ್ಣನ್ನು ಕುರ್ಪಿಯಿಂದ ಕೆದಕಿದೆ. ಎರೆಹುಳವೊಂದು ಸಿಕ್ಕಿತು. ಐವತ್ತೆರಡು ವರ್ಷದ ಕೈ ಮೊದಲ ಸಲ ಇಂಥ ಕೆಲಸಕ್ಕೆ ಇಳಿದಿತ್ತು. ಬೆರಳಲ್ಲಿ ಅದು ಹೊರಳಿದಾಗ ಕ್ಷಮಿಸು ಎಂದೆ, ಯಾರಿಗೆ ಎಂದು ಗೊತ್ತಿಲ್ಲ. ಮುಚ್ಚಳ ಸರಿಸಿ ಬಿಟ್ಟೆ. ಗಿಡಗಳ ನಡುವಿನಿಂದ ಡೋಕ ಬಂದದ್ದು ಕಾಣಿಸಲೇ ಇಲ್ಲ, ಹುಳ ಇಲ್ಲವಾದದ್ದಷ್ಟೇ ಕಂಡಿತು. ಅಪ್ಪ ಎದ್ದು ಪೂಜೆಗೆ ಹೋದರು.

ಪೂಜೆ ಮುಗಿಸಿ, ಗುಳಿಗೆ ನುಂಗಿ, ತಾಟಿನ ಮುಂದೆ ನಿಂತರು. "ಕಟ್ಟಿದ್ದೆಲ್ಲಾ ಉಂಡಾವೇನು?"

"ಆಕಳದು ಆಗ್ಯಾದ. ಕರುವಿಂದು ಆಗ್ಯಾದ. ಡೋಕಂದು ನೀವೇ ನೋಡೀರಿ" ಎಂದೆ. ತಾಟಿನ ಪಕ್ಕ ನೀರಿನ ತಂಬಿಗೆ ಇಟ್ಟೆ. "ಅವತ್ತ ಅವ್ವ ಉಂಡಿದ್ದಿಲ್ಲ ಅಪ್ಪಾ. ಒಂದ್ ದಿನಾನೂ ಉಂಡಿದ್ದಿಲ್ಲ."

"ಗೊತ್ತಿತ್ತು" ಎಂದರು ಅಪ್ಪ.

"ಮತ್ತ ಯಾಕ ಉಂಡ್ರಿ?"

ಅಪ್ಪ ಕೂತು ರೊಟ್ಟಿಯನ್ನು ಎರಡು ಮಾಡಿದರು. "ಅವಾಗ ನೀ ಎರಡು ದಿನದಿಂದ ಏನೂ ತಿಂದಿದ್ದಿಲ್ಲ. ನಾ ಉಣ್ಣದ ನೀ ಉಣ್ಣಂಗಿಲ್ಲ. ಅದಕ್ಕ ನಾ ಉಂಡೆ" ಎಂದು ಹೇಳಿ, ಅರ್ಧ ರೊಟ್ಟಿಯನ್ನು ನನ್ನ ಕಡೆ ಚಾಚಿದರು.