ಸುಣ್ಣದ ಗೋಡೆಗೆ ಖಾನಾಪುರದ ಮಣ್ಣು

ತೂತು ಕಂಡರೆ ಸಮದನಿಗೆ ತಡೆಯುತ್ತಿರಲಿಲ್ಲ. ಖಾನಾಪುರದ ಹಂಚಿನ ಕಾರಖಾನೆಯಲ್ಲಿ ದುಡಿಯುತ್ತಿದ್ದ ಆತನ ಜೇಬಿನಲ್ಲಿ ಸದಾ ಒಂದು ಮುದ್ದೆ ಕೆಂಪು ಮಣ್ಣು. ಸಂಜೆ ಮನೆಗೆ ಮರಳುವ ರೈಲು ದೇಸೂರ ದಾಟುವಷ್ಟರಲ್ಲಿ ಡಬ್ಬಿಯ ಹಲಗೆಗಳ ಬಿರುಕೆಲ್ಲ ಮಾಯ. ಆತ ವಾಸವಿದ್ದ ಹಿಂದವಾಡಿಯ ಇಲಿಗಳು ಆತನನ್ನು ಕಂಡರೆ ಸಂಸಾರ ಕಟ್ಟಿಕೊಂಡು ಬೇರೆ ಓಣಿಗೆ ಹೊರಡುತ್ತಿದ್ದವಂತೆ. ಆಕಾಶವೇ ತೂತುಬಿದ್ದರೂ ಸರಿ, ಏಣಿ ಸಿಕ್ಕರೆ ಸಮದ ಮುಚ್ಚಿ ಬರುತ್ತಾನೆಂದು ಜನ ನಂಬಿದ್ದರು.

ಇಂಥ ವೀರ ೧೯೮೧ರ ಬೇಸಿಗೆಯಲ್ಲಿ ಹಿಂದವಾಡಿಯ ಬಾಡಿಗೆ ಮನೆ ಬಿಟ್ಟು ಖಾನಾಪುರಕ್ಕೆ ಹೊರಟ. ಮಾಲಕಿ ಗಂಗಾದೇವಿಯವರ ಬಳಿಯಿದ್ದ ಇನ್ನೂರು ರೂಪಾಯಿ ಡಿಪಾಜಿಟ್ ಕೈಗೆ ಬಂದರೆ ಮಾತ್ರ ಅಲ್ಲಿಯ ಹೊಸ ಮನೆಯ ಕೀಲಿಕೈ. ಮನೆ ಬಿಡುವಾಗ ಸುಣ್ಣ ಹಚ್ಚಿಕೊಡಬೇಕೆಂಬ ಕರಾರಿತ್ತು. ಸಮದ ಗೋಡೆಯ ಮೊಳೆತೂತುಗಳಿಗೆಲ್ಲ ಮಣ್ಣು ತುಂಬಿ, ಅದು ಒಣಗುವ ಮೊದಲೇ ಸುಣ್ಣ ಬಳಿದುಬಿಟ್ಟ. ದಿನಗಟ್ಟಲೆ ಹಂಚು ಒಣಗಿಸುವ ಮನುಷ್ಯನಿಗೆ ಸ್ವಂತ ಕೆಲಸದಲ್ಲಿ ತಾಳ್ಮೆಯಿರಲಿಲ್ಲ. ಬೆಳಗಾಗುವಷ್ಟರಲ್ಲಿ ಮಣ್ಣಿನ ಕೆಂಪು ಸುಣ್ಣದ ಮೇಲೆ ಒಸರಿ ಗೋಡೆಗೆ ದಡಾರ ಎದ್ದಿತ್ತು.

ಹೊಸ ಬಾಡಿಗೆದಾರ ತಮ್ಮಣ್ಣನಿಗೆ ಮನೆ ತೋರಿಸಲು ಬಂದ ಗಂಗಾದೇವಿ, ಕೆಂಪು ಬೊಟ್ಟುಗಳನ್ನು ಬೆರಳಿಟ್ಟು ಎಣಿಸಿದರು.

"ನಲವತ್ತಾರು! ಸಮದಸಾಬ್ರ, ಮನಿ ಕೊಟ್ಟಿದ್ದು ಇರಾಕ, ಜರಡಿ ಮಾಡಾಕಲ್ಲ. ಡಿಪಾಜಿಟ್ ಮರತ ಬಿಡ್ರಿ."

"ನಮ್ಮ ಮೊಳಿ ಎರಡ ರೀ ಅಕ್ಕಾರ," ಎಂದಳು ಸಮದನ ಹೆಂಡತಿ ಜೋಹರಾ. "ಕನ್ನಡಿಗೊಂದು, ಕ್ಯಾಲೆಂಡರಿಗೊಂದು. ಉಳದದ್ದೆಲ್ಲಾ ಹಿಂದಿದ್ದವ್ರದು."

"ಹಿಂದಿನವ್ರ ತೂತು ನಿಮ್ಮವ್ರು ಯಾಕ ಮುಚ್ಚಿದ್ರು? ಮಂದಿ ಮನಿ ಪಾತ್ರಿ ಯಾರರೆ ಪುಕ್ಕಟ ತಿಕ್ಕತಾರೇನ?"

ತಮ್ಮಣ್ಣ ನ್ಯಾಯಾಧೀಶನಂತೆ ತಲೆದೂಗಿದ. ಬಾಗಿಲೆದುರೇ ಸಾಮಾನು ಹೇರಿಕೊಂಡ ಟೆಂಪೋದ ಡ್ರೈವರ್ ಮಾಯಪ್ಪ ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿದ್ದ.

ಸಮದ ಗಂಗಾದೇವಿಯವರನ್ನು ಪಡಸಾಲೆಯ ಮೂಲೆಗೆ ಕರೆದು ಮೆಲ್ಲಗೆ ಏನೋ ಹೇಳಿದ. ಮಾಲಕಿಯ ಮುಖ ಸುಣ್ಣವಾಯಿತು, ಅದೂ ಒಂದು ಕಲೆಯಿಲ್ಲದ ಸುಣ್ಣ. ತಮ್ಮಣ್ಣನತ್ತ ಒಮ್ಮೆ ಕಳ್ಳನೋಟ ಬೀರಿ, ನಡುವಿಗೆ ಸಿಕ್ಕಿಸಿದ್ದ ಚಂಚಿ ಬಿಚ್ಚಿ, ಇನ್ನೂರೂ ಸಮದನ ಕೈಗಿಟ್ಟರು.

"ಲಗೂನ ಹೊಂಡ್ರಿ ಮತ್ತ. ಬಿಸಲಾಗತೈತಿ."

ಟೆಂಪೋ ಓಣಿ ದಾಟಿದ ಮೇಲೆ ಮಾಯಪ್ಪನಿಗೆ ತಡೆಯಲಾಗಲಿಲ್ಲ.

"ಸಾಬ್ರ, ಯಾವ ಮಂತ್ರಾ ಊದಿದ್ರಿ? ಆ ಬಾಯಾರ ಚಂಚಿ ಬಿಚ್ಚಿದ್ದ ನಾ ಇವತ್ತ ನೋಡಿದ್ದು."

"ಮಂತ್ರಾ ಎಲ್ಲೀದಪಾ. ತೂತಿನಾಗ ರಗತಾ ಹೀರೂ ತಗಣಿ ಇದ್ವು, ಅದಕ ಮುಚ್ಚೀನಿ. ತಮ್ಮಣ್ಣಗ ಹೇಳಲೇನ್ರಿ ಅಂತ ಕೇಳಿದ್ನಿ, ಅಷ್ಟ."