ಬಂದೂಕು ಕಲಿಯಲು ಹೋದ ಭಾನುವಾರಗಳು

ಸೇಲಂನ ಅರಣ್ಯ ಇಲಾಖೆ ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತನಾಗಿ ಸೇರಿ ಎರಡು ವರ್ಷವಾಗಿತ್ತು. ಒಂದು ದಿನ ಸಾಹೇಬರು ಕರೆಸಿ, ಪಾಪಿರೆಡ್ಡಿಪಟ್ಟಿ ಕಡೆಯ ಗಂಧದ ಮರದ ಡಿಪೋದಲ್ಲಿ ಕಾಯಂ ಕೆಲಸವಿದೆ ಎಂದರು. ಅಲ್ಲಿ ಸರ್ಕಾರಿ ಬಂದೂಕು ಇರುತ್ತದೆ, ಅದನ್ನು ಹಿಡಿಯಲು ಬಾರದವನನ್ನು ಕಳಿಸುವಂತಿಲ್ಲ. ಗುರಿ ಹೊಡೆಯುವ ಕ್ಲಬ್ಬು ಯಾವುದಾದರೂ ಸರಿ, ಸೇರಿ ಕಲಿತು ಎರಡು ತಿಂಗಳಲ್ಲಿ ಅಲ್ಲಿಂದ ಕಾಗದ ತರಬೇಕು.

ನಮ್ಮದು ಮಗ್ಗದ ಮನೆ. ನನಗೆ ಪಟಾಕಿ ಸದ್ದೇ ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಧರ್ಮಪುರಿ ಹತ್ತಿರ ಸೋದರಮಾವನ ಊರಿನಲ್ಲಿ, ಹಂದಿ ಓಡಿಸುವ ನಾಡಬಂದೂಕು ಒಡೆದು ಒಬ್ಬಾತನ ಅಂಗೈ ಹರಿದುಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ಸಾಹೇಬರ ಮುಂದೆ ತಲೆಯಾಡಿಸಿ ಮನೆಗೆ ಬಂದೆ.

ಅವ್ವನಿಗೆ ಹೇಳಿದೆ. ಅವಳು ನೂಲು ಸುತ್ತುವುದನ್ನು ನಿಲ್ಲಿಸಿದಳು.

"ಬ್ಯಾಡ ಕಣ್ಲಾ. ಕೈ ಓದ್ರೆ ಮಗ್ಗಕ್ಕೂ ಇಲ್ಲ, ಆಫೀಸಿಗೂ ಇಲ್ಲ. ಗಂಧದ ಕಳ್ರು ಅಂತ ಪೋಲೀಸಿನೋರು ಬ್ಯಾರೆ ಯಾರ್ಯಾರ್ನೋ ಇಡ್ಕೊಂಡು ಓಯ್ತಾವ್ರೆ. ನೀನು ಬಂದೂಕು ಕಲೀತೀಯ ಅಂದ್ರೆ ಬುಡ್ತಾರಾ?"

"ಸಾಯೇಬ್ರೇ ಯೋಳವ್ರೆ, ಅವ್ವ."

"ಅವ್ರು ಯೋಳ್ತಾರೆ. ಬಂದು ನಿನ್ ಪಕ್ಕದಲ್ಲಿ ನಿಂತ್ಕೊಂತಾರಾ?"

ನನಗೆ ಗೊತ್ತಿದ್ದ ಕ್ಲಬ್ಬುಗಳು ಎರಡೇ. ಮೊದಲು ಸೇಲಂನದಕ್ಕೇ ಹೋದೆ. ಬೆಟ್ಟದ ಬುಡದಲ್ಲಿತ್ತು, ನಡೆದೇ ಹೋಗಬಹುದು. ಅಲ್ಲಿ ಬೆತ್ತದ ಕುರ್ಚಿಗಳು, ಸೋಡಾ ಬಾಟಲಿಗಳು, ಎಣ್ಣೆ ಹಚ್ಚಿದ ಹೊಸ ರೈಫಲ್‌ಗಳು. ಕಾರ್ಯದರ್ಶಿ ತಮಿಳು ವಕೀಲರು, ನಗುಮುಖದ ಮನುಷ್ಯ. ಹೆಸರು ಕೇಳಿದವರೇ ಒಂದು ರೈಫಲನ್ನು ನನ್ನ ಕೈಗೆ ಕೊಟ್ಟು, "ಪಯಪ್ಪಡಾದೀಂಗ" ಎಂದು ಬೆನ್ನು ತಟ್ಟಿದರು. ಭಯಪಡಬೇಡಿ ಎಂದರೆ ಭಯ ಹೋಗುತ್ತದೆಯೇ? ಅಂಗೈ ಬೆವರಿ ಮರದ ಹಿಡಿ ಜಾರುತ್ತಿತ್ತು.

ಗುರಿಹಲಗೆಗಳ ಹಿಂದೆ ಮಣ್ಣಿನ ದಿಬ್ಬವಿತ್ತು. ನನ್ನ ಪಕ್ಕದವರು ಗುರಿ ಹಿಡಿದಿದ್ದರು. ಆಗ ದಿಬ್ಬದ ಅಂಚಿನಲ್ಲಿ ಸೌದೆ ಹೊರೆಯೊಂದು ಕಂಡಿತು, ಅದರ ಕೆಳಗೆ ಒಬ್ಬ ಹೆಂಗಸಿನ ತಲೆ. ನಾನು ಕೂಗುವಷ್ಟರಲ್ಲಿ ಗುಂಡು ಹಾರಿತ್ತು. ಅವಳಿಂದ ಎರಡು ಮಾರು ಆಚೆ ಮಣ್ಣು ಚಿಮ್ಮಿತು. ಹೊರೆ ಕೆಳಗೆ ಬಿತ್ತು. ಅವಳೂ ಬಿದ್ದಳೆಂದೇ ತಿಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಬಗ್ಗಿ ಸೌದೆ ಆಯ್ದುಕೊಳ್ಳುವುದು ಕಾಣಿಸಿತು.

ಸೌದೆಯವರು ದಿನಾ ಬರುತ್ತಾರೆ, ಅವರಿಗೆ ಅಭ್ಯಾಸವಾಗಿದೆ ಎಂದರು ಕಾರ್ಯದರ್ಶಿ. ನಾನು ರೈಫಲನ್ನು ಮೇಜಿನ ಮೇಲಿಟ್ಟು ಹೊರಟೆ. ದಾರಿಯಲ್ಲಿ ಒಂದು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಗುಂಡು ನನ್ನ ಕೈಯಿಂದ ಹೋಗಿದ್ದರೆ ಎಂಬ ಒಂದೇ ಯೋಚನೆ.

ಮುಂದಿನ ಭಾನುವಾರ ಬಸ್ಸು ಹತ್ತಿ ಓಮಲೂರಿಗೆ ಹೋದೆ. ಅಲ್ಲಿ ಪಟಾಲಮ್ಮಿನಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಬತ್ತಿದ ಕೆರೆಯಂಗಳದಲ್ಲಿ ಏಳೆಂಟು ಜನಕ್ಕೆ ಕಲಿಸುತ್ತಿದ್ದರು. ನಮ್ಮಂತೆ ಕನ್ನಡ ಮಾತಿನವರೇ. ಇದ್ದದ್ದು ಹಳೆಯ ರೈಫಲ್ ಒಂದೇ. ಕುರ್ಚಿ ಸೋಡಾ ಏನೂ ಇಲ್ಲ. ನನ್ನ ಕೈಗೆ ಅವರು ಕೊಟ್ಟದ್ದು ಕೆಂಪು ಬಾವುಟ.

"ಏರಿ ಮ್ಯಾಲೆ, ಗುರಿ ಬುಟ್ಟು ಆ ತುದೀಲಿ ಓಗಿ ನಿಂತ್ಕೊ. ಆ ಕಡೆ ಏನಾರ ಅಲ್ಲಾಡಿದ್ರೆ ಎತ್ತು."

ಮೂರು ಭಾನುವಾರ ಅದೇ ಕೆಲಸ. ಒಮ್ಮೆ ಎಮ್ಮೆಗಳ ಹಿಂಡೊಂದು ಏರಿಯ ಹಿಂದೆ ಬಂದು ಮೇಯುತ್ತ ನಿಂತಿತು. ಬಾವುಟ ಎತ್ತಿದೆ. ಅವು ಹೋಗುವ ತನಕ, ಮುಕ್ಕಾಲು ಗಂಟೆ, ಹವಾಲ್ದಾರರು ಯಾರನ್ನೂ ಬಂದೂಕು ಮುಟ್ಟಗೊಡಲಿಲ್ಲ. ಉಳಿದವರು ಗೊಣಗಿದರು. ಅವತ್ತೇ ನಾನು ಹೆಸರು ಬರೆಸಿದೆ.

ನಾಲ್ಕನೆಯ ವಾರ ನನ್ನ ಸರದಿ. ನೆಲದ ಮೇಲೆ ಬೋರಲು ಮಲಗಿ ಗುರಿ ಹಿಡಿದೆ. ಎದೆಯ ಬಡಿತಕ್ಕೆ ನಳಿಗೆಯೂ ಅಲುಗುತ್ತಿತ್ತು. ಕಣ್ಣು ಮುಚ್ಚಿ ಕುದುರೆ ಎಳೆದೆ. ಟಿಕ್ ಎಂದಿತು, ಅಷ್ಟೆ. ಏನಾಯಿತೆಂದು ನೋಡಲು ನಳಿಗೆಯನ್ನು ನನ್ನ ಕಡೆಗೇ ತಿರುಗಿಸಹೊರಟಿದ್ದೆ. ಹವಾಲ್ದಾರರ ಕೈ ಅದನ್ನು ಮಣ್ಣಿಗೆ ಒತ್ತಿ ಹಿಡಿಯಿತು.

"ಅಲ್ಲಾಡ್ಬ್ಯಾಡ. ಗುಂಡು ಇನ್ನೂ ಒಳಗೈತೆ. ತಡವಾಗಿ ಸಿಡಿದ್ರೂ ಸಿಡೀತದೆ. ಎಣ್ಸು."

ನಾನು ಎಣಿಸಿದೆ. ಇಪ್ಪತ್ತರ ನಂತರ ಲೆಕ್ಕ ತಪ್ಪಿತು. ಪಕ್ಕದಲ್ಲಿ ಮಂಡಿಯೂರಿದ್ದ ಅವರ ತುಟಿಗಳೂ ಎಣಿಸುತ್ತಿದ್ದವು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ಕೊಂಡಿ ಎಳೆದು ಆ ತೋಟಾವನ್ನು ಹೊರತೆಗೆದರು.

"ನಿಮ್ಗೂ ಭಯ ಆಯ್ತಾ?" ಎಂದು ಕೇಳಿದೆ.

"ಆಗ್ದೆ ಏನು? ಈಗ ಇನ್ನೊಂದು ಆಕು."

ಎರಡು ತಿಂಗಳಾದ ಮೇಲೆ ಅವರು ಕೊಟ್ಟ ಕಾಗದದಲ್ಲಿ ಎರಡೇ ಸಾಲು ಇತ್ತು: ಗುರಿ ಸಾಧಾರಣ, ಎಚ್ಚರಿಕೆ ಬಹಳ. ಸಾಹೇಬರು ಅದನ್ನು ಎರಡು ಸಲ ಓದಿ ಡಿಪೋಗೆ ಆರ್ಡರ್ ಬರೆದರು.

ಅಲ್ಲಿ ಬಂದೂಕನ್ನು ಗೋಡೆಗೆ ತೂಗುಹಾಕಿ, ತೋಟಾಗಳನ್ನು ಒಳಕೋಣೆಯ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಕಳ್ಳರು ಬಂದರೆ ಏನು ಮಾಡುತ್ತೀರಿ ಎಂದು ಕಾವಲಿನವನು ಕೇಳಿದ. ಮೊದಲು ಕೂಗುತ್ತೇನೆ ಎಂದೆ. ಅವನು ನಕ್ಕ. ನಾನು ನಿಜವನ್ನೇ ಹೇಳಿದ್ದೆ.